ಕಮಾನು ಬಿದ್ದುಹೋಯಿತು, ಕಾಸು ಉಳಿಯಿತು

ಪ್ರಶ್ನೆ: ರೋಮನ್ನರು ಯುದ್ಧ ಗೆದ್ದಾಗ ಕಟ್ಟಿಸುತ್ತಿದ್ದ ವಿಜಯ ಕಮಾನುಗಳನ್ನು ತಮ್ಮ ನಾಣ್ಯಗಳ ಮೇಲೂ ಅಚ್ಚು ಹಾಕಿಸುತ್ತಿದ್ದರಂತೆ. ಯಾಕೆ? ನಮ್ಮ ಕಡೆಯ ಅರಸರು ಹೀಗೇನಾದರೂ ಮಾಡಿದ್ದರೇ?
– ಒಬ್ಬ ಓದುಗರು, ಶಂಕರಘಟ್ಟ

ಉತ್ತರವನ್ನು ಯಶವಂತಪುರದಿಂದ ಶುರು ಮಾಡುತ್ತೇನೆ. 1891ರಲ್ಲಿ ಅಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನ ಚಕ್ರವರ್ತಿಗಳವು. ರೋಮಿನ ಕಮಾನು ನೋಡಬೇಕೆಂದರೆ ರೋಮಿಗೇ ಹೋಗಬೇಕಿತ್ತು. ನಾಣ್ಯವಾದರೆ ಸಿಪಾಯಿಯ ಸಂಬಳದಲ್ಲಿ ಗಡಿ ಮುಟ್ಟಿತು, ಮೆಣಸಿನ ವ್ಯಾಪಾರಿಯ ಗಂಟಿನಲ್ಲಿ ಕಡಲು ದಾಟಿತು. ಗೆದ್ದ ಸುದ್ದಿ ಎಲ್ಲರ ಕೈಗೂ ತಲುಪಬೇಕಾದರೆ ಆ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಸುದ್ದಿ ಯಾವಾಗಲೂ ನಿಜವೇ ಆಗಿರುತ್ತಿತ್ತು ಎಂದೇನಲ್ಲ. ಕ್ಲಾಡಿಯಸ್‌ನ ಸೈನ್ಯ ಬ್ರಿಟನ್ನಿಗೆ ನುಗ್ಗಿದ್ದು ಕ್ರಿ.ಶ. 43ರಲ್ಲಿ. 46ರ ಹೊತ್ತಿಗೇ ಅವನ ಚಿನ್ನ, ಬೆಳ್ಳಿ ನಾಣ್ಯಗಳ ಮೇಲೆ ಕಮಾನು, ಅದರ ನೆತ್ತಿಯ ಮೇಲೊಬ್ಬ ಕುದುರೆ ಸವಾರ ಬಂದಾಗಿತ್ತು. ರೋಮಿನಲ್ಲಿ ಸಿಕ್ಕಿರುವ ಆ ಕಮಾನಿನ ಶಾಸನದ ಚೂರುಗಳಾದರೋ 51ರ ಸುಮಾರಿನವು. ಅಂದರೆ ಗೃಹಪ್ರವೇಶಕ್ಕೆ ಎಷ್ಟೋ ವರ್ಷ ಮೊದಲೇ ಮನೆಯ ಚಿತ್ರ ಊರೆಲ್ಲ ಹಂಚಿದ ಹಾಗೆ! ನೀರೋನ ಕಥೆ ಇನ್ನೂ ಸ್ವಾರಸ್ಯ. ಪಾರ್ಥಿಯನ್ನರ ಮೇಲಿನ ಯುದ್ಧ ಇತ್ಯರ್ಥವಾಗುವ ಮೊದಲೇ ರೋಮಿನ ಕ್ಯಾಪಿಟೋಲ್ ಗುಡ್ಡದ ಮೇಲೆ ಅವನ ಕಮಾನು ಏಳುತ್ತಿತ್ತೆಂದು ಇತಿಹಾಸಕಾರ ಟ್ಯಾಸಿಟಸ್ ಕುಟುಕಿದ್ದಾನೆ. ಆ ಕಮಾನಿನ ಗುರುತೂ ಇಂದು ಅಲ್ಲಿಲ್ಲ. ಅದು ಹೇಗಿತ್ತು ಎಂಬುದಕ್ಕೆ ನಮಗಿರುವ ಆಧಾರ ಸೆಸ್ಟರ್ಶಿಯಸ್ ಎಂಬ ದೊಡ್ಡ ಹಿತ್ತಾಳೆ ನಾಣ್ಯ. ಕೆತ್ತಿದವನು ಕಮಾನನ್ನು ಓರೆಯಾಗಿ ನಿಲ್ಲಿಸಿ, ಪಕ್ಕದ ಗೂಡಿನಲ್ಲಿದ್ದ ಯುದ್ಧದೇವತೆ ಮಾರ್ಸ್‌ನನ್ನೂ ಕಾಣಿಸಿದ್ದಾನೆ. 203ರಲ್ಲಿ ಕಟ್ಟಿದ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು ಇಂದಿಗೂ ನಿಂತಿದೆ, ಅದರ ತಲೆ ಮಾತ್ರ ಬೋಳು. ಮೇಲೊಂದು ರಥವಿತ್ತೆಂದು ತೋರಿಸುವುದು ನಾಣ್ಯವೇ.

ಹಾಗಂತ ನಾಣ್ಯವನ್ನು ಫೋಟೊ ಎಂದುಕೊಳ್ಳಬೇಡಿ. ಬೆಳ್ಳಿ ನಾಣ್ಯದಲ್ಲಂತೂ ಅಚ್ಚು ಕೊರೆಯುವವನಿಗಿದ್ದ ಜಾಗ ಹೆಬ್ಬೆರಳಿನ ಉಗುರಿನಷ್ಟು. ಕಂಬ ಹೆಚ್ಚಾದರೆ ಬಿಟ್ಟುಬಿಡುತ್ತಿದ್ದ.

ಇನ್ನು ನಮ್ಮ ಕಡೆ. ನಮ್ಮ ಅರಸರು ಸಾಮಾನ್ಯವಾಗಿ ನಾಣ್ಯದ ಮೇಲೆ ಕಟ್ಟಡ ಬಿಡಿಸುವ ಗೋಜಿಗೆ ಹೋದವರಲ್ಲ. ಅವರ ವರಹ ಚಿನ್ನದ್ದು, ಸುಮಾರು ಮೂರೂವರೆ ಗ್ರಾಂ, ಹುಣಸೆಬೀಜದಷ್ಟು ದಪ್ಪ. ಅಲ್ಲಿ ಹೆಚ್ಚಾಗಿ ಕೂರುತ್ತಿದ್ದದ್ದು ದೇವರು. ಆದರೆ ಗೆಲುವು, ಕಟ್ಟಡ, ನಾಣ್ಯ ಮೂರೂ ಒಂದೇ ದಾರದಲ್ಲಿ ಪೋಣಿಸಿದಂತೆ ಸಿಗುವ ಪ್ರಸಂಗ ಒಂದಿದೆ. ಕೃಷ್ಣದೇವರಾಯ 1514ರಲ್ಲಿ ಗಜಪತಿ ಅರಸನಿಂದ ಉದಯಗಿರಿ ಕೋಟೆ ಗೆದ್ದು, ಅಲ್ಲಿದ್ದ ಬಾಲಕೃಷ್ಣನ ವಿಗ್ರಹವನ್ನು ವಿಜಯನಗರಕ್ಕೆ ತಂದ. ಅದಕ್ಕೆಂದೇ ಕಟ್ಟಿಸಿದ ಕೃಷ್ಣ ದೇವಾಲಯದಲ್ಲಿ 1515ರಲ್ಲಿ ಪ್ರತಿಷ್ಠೆಯಾಯಿತು. ಅದರ ಪೂರ್ವ ಗೋಪುರದ ಗಾರೆ ಕೆಲಸದಲ್ಲಿ ಗುರಾಣಿ ಹಿಡಿದ ಕಾಲಾಳುಗಳೂ ಕುದುರೆಗಳೂ ಇವೆ. ಅವನ ವರಹದ ಮೇಲೆ ಕೂತಿರುವವನನ್ನೂ ವಿದ್ವಾಂಸರು ಬಾಲಕೃಷ್ಣನೆಂದೇ ಗುರುತಿಸುತ್ತಾರೆ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಇಂದು ಹಂಪಿಯ ಆ ಗರ್ಭಗುಡಿ ಖಾಲಿ. ಭಗ್ನವಾದ ವಿಗ್ರಹ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಸೆವೆರಸ್‌ನ ರಥದಂತೆಯೇ ಇಲ್ಲಿಯೂ ಗುಡಿ ಬಿಟ್ಟುಹೋದವನು ನಾಣ್ಯದ ಮೇಲೆ ಕೂತೇ ಇದ್ದಾನೆ.

ಕಮಾನಿನ ಆಕಾರವೇ ಬೇಕೆಂದರೆ ಹಂಪಿಯ ವಿಠ್ಠಲ ದೇವಾಲಯದ ಹತ್ತಿರದ ತುಲಾಭಾರವನ್ನು ನೋಡಿ. ಎರಡು ಕಲ್ಲುಕಂಬ, ಮೇಲೊಂದು ತೊಲೆ, ತಕ್ಕಡಿ ತೂಗುಹಾಕಲು ಅದರಲ್ಲಿ ಬಳೆಗಳು. ಅರಸ ಅಲ್ಲಿ ಚಿನ್ನಕ್ಕೆ ಸಮವಾಗಿ ತೂಗಿಸಿಕೊಂಡು ಅದನ್ನು ದಾನ ಮಾಡುತ್ತಿದ್ದ ಎನ್ನುತ್ತಾರೆ. ರೋಮಿನಲ್ಲಿ ಕಮಾನು ಚಿನ್ನದ ಮೇಲೆ ಬಂತು, ನಮ್ಮಲ್ಲಿ ಚಿನ್ನ ಬಂದದ್ದು ಕಮಾನಿನ ಕೆಳಗೆ.

ನಿಮ್ಮ ಜಿಲ್ಲೆಯ ಉದಾಹರಣೆಯಂತೂ ರೋಮನ್ನರಿಗೆ ಪೂರಾ ತದ್ವಿರುದ್ಧ. ಬಿದನೂರಿನ ಅರಸರ ಇಕ್ಕೇರಿ ವರಹದ ಮುಂಬದಿಯಲ್ಲಿ ಜೊತೆಯಾಗಿ ಕೂತ ಶಿವ–ಪಾರ್ವತಿಯರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಈಗಿನ ಹೊಸನಗರ ತಾಲ್ಲೂಕಿನ ನಗರ ಅದೇ. ಊರಿಗೆ ಹೈದರ್‌ನಗರ ಎಂದು ತನ್ನ ಹೆಸರಿಟ್ಟ, ಅಲ್ಲಿನ ಟಂಕಸಾಲೆಯೂ ಅವನ ಕೈಗೆ ಬಂತು. ಸೋತವರ ನಾಣ್ಯವನ್ನು ಕರಗಿಸಿ ತನ್ನ ಗೆಲುವನ್ನು ಅಚ್ಚು ಹಾಕಿಸಬಹುದಿತ್ತು. ಅವನು ಶಿವ–ಪಾರ್ವತಿಯರನ್ನು ಕದಲಿಸಲಿಲ್ಲ, ಹಿಂಬದಿಗಷ್ಟೇ ತನ್ನ ಹೆಸರಿನ ಮೊದಲಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. ಇದನ್ನು ಕೆಲವರು ಉದಾರತೆ ಎನ್ನುತ್ತಾರೆ. ನನಗೆ ಇದರಲ್ಲಿ ವ್ಯಾಪಾರದ ಲೆಕ್ಕವೇ ಹೆಚ್ಚು ಕಾಣುತ್ತದೆ: ಅಡಿಕೆ, ಮೆಣಸು, ಅಕ್ಕಿಯ ಪೇಟೆಗಳಲ್ಲಿ ಜನ ನಂಬಿದ್ದು ಆ ಜೋಡಿಯನ್ನು. ಟಿಪ್ಪು ತನ್ನ ಕಾಲದಲ್ಲಿ ದೇವರನ್ನು ತೆಗೆಸಿ ಎರಡೂ ಬದಿಗೆ ಪರ್ಷಿಯನ್ ಬರಹ ತಂದ. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹವನ್ನು ಕೈಗೆತ್ತಿಕೊಂಡರೆ ಹಿಂದೆ ‘ಶ್ರೀ ಕೃಷ್ಣರಾಜ’, ಮುಂದೆ ಮತ್ತೆ ಅದೇ ಶಿವ–ಪಾರ್ವತಿಯರು.