ಗಾಳಿಯನ್ನು ಸೋಸುವುದು ಹೇಗೆ?

ಬಿ.ಟಿ.ಎಂ. ಬಡಾವಣೆಯ ಅಂಚಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಕಾಲು ಗಂಟೆ ವಾಹನಗಳ ನಡುವೆ ಸಿಕ್ಕಿಕೊಂಡವರು ಮನೆಗೆ ಬಂದು ಮೂಗನ್ನು ಒರಸಿಕೊಂಡರೆ ಕರವಸ್ತ್ರ ಕಪ್ಪಾಗುತ್ತದೆ. ಇಷ್ಟು ಧೂಳನ್ನು ಕುಡಿದೆವಲ್ಲಾ ಎಂದು ಅವರು ಮರುಗುವುದು ಸಹಜ. ಆದರೆ ಆ ಕಪ್ಪು, ಮೂಗಿನ ಕೂದಲೂ ಲೋಳೆಯೂ ಸೇರಿ ಬಾಗಿಲಲ್ಲಿಯೇ ತಡೆದು ನಿಲ್ಲಿಸಿದ ಧೂಳು. ಕರವಸ್ತ್ರಕ್ಕೆ ಸಿಕ್ಕದೆ ಒಳಹೊಕ್ಕುದರ ಮಾತೇ ಬೇರೆ.

ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 2.5 ಮೈಕ್ರಾನಿಗಿಂತ ಕಿರಿದಾದ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿಯಬಲ್ಲವು. ಡೀಸೆಲ್ ಹೊಗೆಯ ಮಸಿ ಇದಕ್ಕಿಂತಲೂ ಎಷ್ಟೋ ಸಣ್ಣದು. ಹೀಗೆ ಗಾಳಿಯಲ್ಲಿ ತೇಲುವ ಘನ ಅಥವಾ ದ್ರವ ಕಣಗಳ ಸಮೂಹವನ್ನು ವಿಜ್ಞಾನಿಗಳು ಏರೊಸಾಲ್ ಎನ್ನುತ್ತಾರೆ. ಒಗ್ಗರಣೆಯ ಹೊಗೆಯೂ ಕೆಮ್ಮಿನ ತುಂತುರೂ ಈ ಕುಲಕ್ಕೇ ಸೇರಿದವು. ಒಂದು ಮೈಕ್ರಾನ್ ಗಾತ್ರದ ಹನಿ ನಿಶ್ಚಲವಾದ ಗಾಳಿಯಲ್ಲಿ ಹತ್ತಡಿ ಇಳಿಯಲು ಸುಮಾರು ಒಂದು ದಿನ ಬೇಕು, 0.3 ಮೈಕ್ರಾನಿನದಾದರೆ ಒಂದು ವಾರವೂ ಸಾಲದು. ಕಸ ಗುಡಿಸಿದ ಕೋಣೆ ಶುಚಿಯಾಯಿತೆಂದು ನಂಬುವವರು ಇದನ್ನು ನೆನೆಯಬೇಕು.

ಇಂಥ ಸೂಕ್ಷ್ಮ ಧೂಳಿಯನ್ನು ಅಳೆಯುವ ಯಂತ್ರಗಳು ಸಿಲ್ಕ್ ಬೋರ್ಡ್‌ನಲ್ಲಿಯೂ ಜಯನಗರದ ಐದನೆಯ ಬ್ಲಾಕಿನಲ್ಲಿಯೂ ಇವೆ. ನಮ್ಮ ದೇಶವು 2009ರಲ್ಲಿ ಗೊತ್ತುಮಾಡಿದ ಮಿತಿಯಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಇದರ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಮನ್ನು ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯಾದರೋ 2021ರಲ್ಲಿ ಈ ಅಂಕವನ್ನು 5ಕ್ಕೆ ಇಳಿಸಿತು. ಎರಡರ ಅಂತರವನ್ನು ಓದುಗರೇ ಗಮನಿಸಲಿ.

ಈಗ ಸೋಸುವ ವಿಷಯ. ಹಿಟ್ಟನ್ನು ಜರಡಿಯಲ್ಲಿ ಜಾಲಿಸುವಂತೆ ಗಾಳಿಯನ್ನೂ ಸೋಸುತ್ತಾರೆಂಬುದು ಸಾಮಾನ್ಯ ನಂಬಿಕೆ. ಅದು ಸರಿಯಲ್ಲ. ಒಳ್ಳೆಯ ಮುಖಗವುಸಿನ ನೂಲುಗಳ ನಡುವಣ ಸಂದುಗಳು ಅದು ಹಿಡಿಯುವ ಕಣಗಳಿಗಿಂತ ಬಹಳ ದೊಡ್ಡವು. ಹಾಗಾದರೆ ಕಣ ಸಿಕ್ಕಿಬೀಳುವುದೇಕೆ? ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ ಗಾಳಿಯು ನೂಲನ್ನು ಬಳಸಿ ಹೋಗುತ್ತದೆ. ದೊಡ್ಡ ಕಣವು, ಭಾರ ಹೇರಿದ ಲಾರಿಯಂತೆ, ಆ ತಿರುವಿನಲ್ಲಿ ತಿರುಗಲಾರದೆ ನೇರವಾಗಿ ನುಗ್ಗಿ ನೂಲಿಗೆ ಬಡಿಯುತ್ತದೆ, ಬಡಿದುದು ಅಂಟಿಕೊಂಡಿತು. ತೀರ ಚಿಕ್ಕ ಕಣದ ಗತಿಯೇ ಬೇರೆ. ಗಾಳಿಯ ಅಣುಗಳು ಎಲ್ಲ ಕಡೆಯಿಂದಲೂ ಡಿಕ್ಕಿ ಹೊಡೆದು ಅದನ್ನು ಅತ್ತಿತ್ತ ಓಲಾಡಿಸುತ್ತವೆ. ಐನ್‌ಸ್ಟೈನರು 1905ರಲ್ಲಿ ಲೆಕ್ಕಕ್ಕೆ ತಂದ ಬ್ರೌನ್ ಚಲನೆ ಇದೇ. ಜಾತ್ರೆಯಲ್ಲಿ ತಳ್ಳಾಟಕ್ಕೆ ಸಿಕ್ಕ ಮಗುವಿನಂತೆ ಅಲೆದಲೆದು ಅದೂ ಕೊನೆಗೆ ಒಂದು ನೂಲಿಗೆ ತಾಗುತ್ತದೆ.

ಹಾಗಾದರೆ ತಪ್ಪಿಸಿಕೊಳ್ಳುವವರು ಯಾರು? ನಡುವಿನವರು! ತಿರುವಿನಲ್ಲಿ ನುಗ್ಗುವಷ್ಟು ಭಾರವಿಲ್ಲ, ಅಲೆಯುವಷ್ಟು ಹಗುರವೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಇರ್ವಿಂಗ್ ಲಾಂಗ್ಮ್ಯೂರರು ಈ ಗಾತ್ರ ಸುಮಾರು 0.3 ಮೈಕ್ರಾನ್ ಎಂದು ಲೆಕ್ಕ ಹಾಕಿದರು. ಇಂದಿಗೂ ಶೋಧಕಗಳ ಪರೀಕ್ಷೆ ಈ ಗಾತ್ರದ ಕಣಗಳಿಂದಲೇ ನಡೆಯುತ್ತದೆ. ಹೆಪಾ ಎಂಬ ಶೋಧಕವು ಇಂಥ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿಯಬೇಕು, ಎನ್-95 ಮುಖಗವುಸು 95ನ್ನಾದರೂ ಹಿಡಿಯಬೇಕು. ಕಳ್ಳರಲ್ಲಿ ಅತಿ ಚತುರನನ್ನೇ ಹಿಡಿಯಬಲ್ಲ ಕಾವಲುಗಾರನು ಉಳಿದವರನ್ನು ಬಿಟ್ಟಾನೆಯೆ?

ಆದರೆ ಹಿಡಿದುದನ್ನು ಏನು ಮಾಡುವುದು? ಸತ್ತ ಧೂಳಿನ ಮಾತಾದರೆ ಚಿಂತೆಯಿಲ್ಲ. ಸಿಕ್ಕಿಬಿದ್ದದ್ದು ರೋಗಾಣುವಾದರೆ, ತೇವ ಸಿಕ್ಕಾಗ ಅದು ಶೋಧಕದ ಮೇಲೆಯೇ ಬೆಳೆದು ಮತ್ತೆ ಕೋಣೆಯ ಗಾಳಿಗೆ ಸೇರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಳಬರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್) ಪ್ರಾಧ್ಯಾಪಕ ಸೂರ್ಯಸಾರಥಿ ಬೋಸರೂ ಅವರ ತಂಡದವರೂ ಕೈಗೊಂಡ ಸಂಶೋಧನೆ ಈ ತೊಡಕನ್ನೇ ಕುರಿತದ್ದು. ಅವರು ಶೋಧಕಕ್ಕೆ ಎರಡು ಬಗೆಯ ವಸ್ತುಗಳನ್ನು ಸೇರಿಸಿದರು: ಹಸಿರು ಚಹದಲ್ಲಿರುವ ಪಾಲಿಫೀನಾಲುಗಳು ಮತ್ತು ಧನ ವಿದ್ಯುದಂಶವುಳ್ಳ ಪಾಲಿಮರುಗಳು. ಚಹಕ್ಕೆ ಒಗರನ್ನು ಕೊಡುವುದು ಈ ಪಾಲಿಫೀನಾಲೇ. ಅಡಕೆಯ ಒಗರೂ ಇದೇ ವಂಶದ್ದು. ಇವು ಸೂಕ್ಷ್ಮಜೀವಿಗೆ ಹತ್ತಿಕೊಂಡು ಅದನ್ನು ಒಡೆಯುತ್ತವೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಕೋವಿಡ್ ವೈರಸಿನ ಡೆಲ್ಟಾ ತಳಿ ನೂರಕ್ಕೆ 99.24ರಷ್ಟು ನಿಷ್ಕ್ರಿಯವಾಯಿತು. 2022ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಯಾವ ಶೋಧಕವೂ ಸರ್ವಶಕ್ತವಲ್ಲ. ಕಣವನ್ನು ಹಿಡಿಯುವ ಬಟ್ಟೆ ಕಾರ್ಬನ್ ಮಾನಾಕ್ಸೈಡಿನಂಥ ಅನಿಲವನ್ನು ಹಿಡಿಯದು. ಕೆನ್ನೆಯ ಬಳಿ ಸಂದು ಉಳಿದರೆ ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಇನ್ನೊಂದು ಮಾತು: ಎನ್-95ರ ನೂಲುಗಳಲ್ಲಿ ವಿದ್ಯುದಂಶವನ್ನು ನೆಲೆಗೊಳಿಸಿರುತ್ತಾರೆ, ತಲೆ ಬಾಚಿದ ಹಣಿಗೆ ಕಾಗದದ ಚೂರುಗಳನ್ನು ಎಳೆದುಕೊಳ್ಳುವಂತೆ ಅವು ಕಣಗಳನ್ನು ಸೆಳೆಯುತ್ತವೆ. ಸಾಬೂನಿನಲ್ಲಿ ಒಗೆದರೆ ಆ ಸೆಳೆತ ಕುಗ್ಗುತ್ತದೆ; ಗವುಸು ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ.