ಮನೆಯಲ್ಲೇ ಓದಬೇಕೆನ್ನುವವರಿಗೆ

"ಮಿಸ್, ನಾನು ಸ್ಕೂಲ್ ಬಿಟ್ಟು ಮನೇಲೇ ಓದಿದ್ರೆ ಎಸ್ಸೆಸ್ಸೆಲ್ಸಿ ಬರೆಯೋಕಾಗಲ್ವಾ?"

ಮಧ್ಯವಾರ್ಷಿಕ ಪರೀಕ್ಷೆ ಮುಗಿದು ದಸರಾ ರಜೆ ಶುರುವಾಗುವ ಹಿಂದಿನ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಎಲ್ಲರೂ ಹೋಗಲಿ ಎಂದು ಬಾಗಿಲ ಬಳಿ ಕಾದು ನಿಂತಿದ್ದಳು. ಓದಿನಲ್ಲಿ ಹಿಂದೆ ಬಿದ್ದವಳಲ್ಲ, ಗಣಿತದಲ್ಲಂತೂ ಚುರುಕು. ಏನಾಯಿತು ಎಂದು ಕೇಳಿದಾಗ ತನ್ನ ದಿನವನ್ನು ಬಿಡಿಸಿ ಹೇಳಿದಳು: ಬೆಳಗ್ಗೆ ಆರಕ್ಕೆ ಟ್ಯೂಷನ್, ಎಂಟಕ್ಕೆ ಬಸ್ಸು, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಹೋಂವರ್ಕ್. "ಓದೋಕೆ ಟೈಮೇ ಇಲ್ಲ ಮಿಸ್" ಅಂದಳು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ನಿನ್ನ ಮನಸ್ಸಿನಲ್ಲೂ ಇದ್ದರೆ ಓದು, ಆಮೇಲೆ ಅಪ್ಪ ಅಮ್ಮನಿಗೂ ಓದಲು ಕೊಡು.

ಮೊದಲು ಹೆಸರಿನ ಗೊಂದಲ ಕಳೆಯೋಣ. 'ಮನೆಪಾಠ' ಎಂದರೆ ನಮ್ಮಲ್ಲಿ ಟ್ಯೂಷನ್ ಎಂದೇ ಅರ್ಥ. ಹೋಮ್‌ಸ್ಕೂಲಿಂಗ್ ಅದಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರೇ ಇರುವುದಿಲ್ಲ. ಏನು ಓದಬೇಕು, ಯಾವಾಗ ಓದಬೇಕು, ಯಾರಿಂದ ಕಲಿಯಬೇಕು ಎಂಬುದನ್ನೆಲ್ಲ ನೀನೂ ನಿನ್ನ ಮನೆಯವರೂ ಸೇರಿ ಗೊತ್ತುಮಾಡಿಕೊಳ್ಳುತ್ತೀರಿ. ಪರೀಕ್ಷೆಯನ್ನು ಮಾತ್ರ ಯಾವುದಾದರೂ ಒಂದು ಮಂಡಳಿಯ ಮೂಲಕ ಬರೆಯುತ್ತೀಯ. ಇದೇನು ವಿದೇಶದಿಂದ ಬಂದ ವಿಚಿತ್ರವೂ ಅಲ್ಲ. ಬೆಂಚು, ಗಂಟೆ, ಪೀರಿಯಡ್ಡುಗಳ ಶಾಲೆ ಬರುವ ಮೊದಲು ನಮ್ಮ ಹಳ್ಳಿಗಳ ಮಕ್ಕಳು ಐಗಳ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿಯೋ, ಮನೆಯ ಹಿರಿಯರಿಂದಲೋ ಕಲಿಯುತ್ತಿದ್ದರು.

ಆದರೆ ಒಂದು ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. "ಟ್ಯಾಗೋರರೂ ಶಾಲೆ ಬಿಟ್ಟಿದ್ದರಲ್ಲ" ಎಂದು ಮಕ್ಕಳು ಹೇಳುವುದುಂಟು. ಬಿಟ್ಟಿದ್ದರು, ನಿಜ. ಆದರೆ ಜೋಡಾಸಾಂಕೋದ ಆ ದೊಡ್ಡ ಮನೆಯಲ್ಲಿ ಬೆಳಕು ಹರಿಯುವ ಮುಂಚೆ ಕುಸ್ತಿಯಿಂದ ಶುರುವಾದರೆ ಗಣಿತ, ಶರೀರಶಾಸ್ತ್ರ, ಚಿತ್ರಕಲೆ ಎಂದು ಒಬ್ಬರಾದ ಮೇಲೊಬ್ಬರು ಕಲಿಸುವವರು ಬರುತ್ತಿದ್ದರು. ರಾತ್ರಿ ಇಂಗ್ಲಿಷ್ ಪಾಠದ ಹೊತ್ತಿಗೆ ಹುಡುಗ ತೂಕಡಿಸುತ್ತಿದ್ದ. ಇದೆಲ್ಲ ಶಾಲೆಗೆ ಹೋಗುತ್ತಿದ್ದಾಗಲೇ ನಡೆಯುತ್ತಿತ್ತು, ಶಾಲೆ ಬಿಟ್ಟ ಮೇಲೂ ಮನೆಯಲ್ಲಿ ಪಾಠ ನಿಲ್ಲಲಿಲ್ಲ. ನಿನ್ನ ಮನೆಯಲ್ಲಿ ಅಷ್ಟು ಜನ ಕಲಿಸುವವರು ಇರುವುದಿಲ್ಲ. ಅವರ ಜಾಗದಲ್ಲಿ ಏನಿರುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

ಇನ್ನು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಮನೆಯಲ್ಲೇ ಓದಿಸುವುದರ ಬಗ್ಗೆ ಹೆಸರೆತ್ತಿ ಏನನ್ನೂ ಹೇಳುವುದಿಲ್ಲ, ಶಾಲೆಗೆ ಕಳಿಸದ ಪೋಷಕರಿಗೆ ದಂಡವನ್ನೂ ವಿಧಿಸುವುದಿಲ್ಲ. ಬೆಂಗಳೂರು, ಪುಣೆಯಂಥ ಊರುಗಳಲ್ಲಿ ಎಷ್ಟೋ ಕುಟುಂಬಗಳು ಬಹಿರಂಗವಾಗಿಯೇ ಮಕ್ಕಳನ್ನು ಮನೆಯಲ್ಲಿ ಓದಿಸುತ್ತಿವೆ. ಆದರೂ 14 ತುಂಬುವ ತನಕ ಶಾಲೆಯಲ್ಲಿ ಹೆಸರಿರಲಿ ಎಂಬುದು ನನ್ನ ಅಭಿಪ್ರಾಯ. ಎಂಟನೇ ತರಗತಿ ದಾಟಿದರೆ ಪರೀಕ್ಷೆಯ ದಾರಿಗಳೂ ಸಲೀಸಾಗುತ್ತವೆ.

ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ನಮ್ಮದೇ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಅದಕ್ಕೆ 15 ವರ್ಷ ತುಂಬಿರಬೇಕು. ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ, ಇಲಾಖೆ ಗೊತ್ತುಮಾಡಿದ ಪ್ರೌಢಶಾಲೆಯ ಮೂಲಕ ನೋಂದಣಿ ಆಗಬೇಕು. ನೋಂದಣಿಯ ಕಡೆಯ ದಿನ ತಪ್ಪಿಸಿಕೊಂಡು ಒಂದು ವರ್ಷವನ್ನೇ ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲ ನಿನಗೆ ಪರಿಚಯದವೇ ಆಗಿರುವುದು ಈ ದಾರಿಯ ಅನುಕೂಲ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಓಎಸ್. 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಮಂಡಳಿ ಇದು. ಇದರ ಪ್ರಮಾಣಪತ್ರ ಉಳಿದ ಮಂಡಳಿಗಳ ಪ್ರಮಾಣಪತ್ರಕ್ಕೆ ಸಮ. 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಒಂದು ಭಾಷೆಯೂ ಸೇರಿದಂತೆ ಕನಿಷ್ಠ ಐದು ವಿಷಯ ತೆಗೆದುಕೊಂಡರೆ ಸಾಕು. ವಿಜ್ಞಾನ, ಗಣಿತದ ಜತೆಗೆ ಮನಶ್ಶಾಸ್ತ್ರ, ಚಿತ್ರಕಲೆ, ಗೃಹವಿಜ್ಞಾನ, ಅರ್ಥಶಾಸ್ತ್ರ ಕೂಡ ಪಟ್ಟಿಯಲ್ಲಿವೆ. ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನಲ್ಲಿ, ಪರೀಕ್ಷೆ ನಡೆಯುತ್ತದೆ. ಐದೂ ವಿಷಯವನ್ನು ಒಂದೇ ಸಲ ಬರೆಯಬೇಕೆಂದಿಲ್ಲ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ. ಮನೆಯಲ್ಲಿ ಬರೆದು ಅಧ್ಯಯನ ಕೇಂದ್ರಕ್ಕೆ ಒಪ್ಪಿಸಬೇಕಾದ ನಿಯೋಜಿತ ಕೆಲಸಕ್ಕೂ ಅಂಕವಿದೆ, ಅದನ್ನು ಹಗುರವಾಗಿ ನೋಡಬೇಡ. ನಿನಗೆ ಬೇಕಾದ ಮಾಧ್ಯಮದಲ್ಲಿ ಪುಸ್ತಕ ಸಿಗುತ್ತದೆಯೇ, ವಿಜ್ಞಾನದ ಪ್ರಯೋಗಗಳನ್ನು ಎಲ್ಲಿ ಮಾಡಿಸುತ್ತಾರೆ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಂದ್ರಕ್ಕೆ ಹೋಗಿ ಕೇಳು. ಇಂಗ್ಲಿಷ್ ಮಾಧ್ಯಮದ ಕೆಲವು ಕುಟುಂಬಗಳು ಕೇಂಬ್ರಿಜ್ ಪರೀಕ್ಷೆಯನ್ನೂ ಆರಿಸಿಕೊಳ್ಳುತ್ತವೆ, ಅದರ ಶುಲ್ಕ ಬಲು ದುಬಾರಿ.

ಮುಕ್ತ ಶಾಲೆಯಲ್ಲಿ ಓದಿದರೆ ಡಾಕ್ಟರ್ ಆಗಲು ಬಿಡುವುದಿಲ್ಲ ಎಂಬ ಮಾತನ್ನು ಇಂದಿಗೂ ಕೇಳುತ್ತೇನೆ. ಅಂಥ ನಿಯಮ ಇದ್ದದ್ದು ನಿಜ. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ತೆಗೆದುಹಾಕಿತು, 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಆ ವಿವಾದ ಮುಗಿಯಿತು. ಈಗ ನೀಟ್ ಬರೆಯಬಹುದು.

ಕರ್ನಾಟಕದ ಮಕ್ಕಳಿಗೆ ಬೇರೊಂದು ವಿಷಯವನ್ನು ಒತ್ತಿ ಹೇಳಬೇಕು. ಯಾರೂ ಇದನ್ನು ಮೊದಲೇ ಹೇಳುವುದಿಲ್ಲ, ಸೀಟು ಕೈತಪ್ಪಿದ ಮೇಲೆ ಗೊತ್ತಾಗುತ್ತದೆ. ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಸಾಮಾನ್ಯವಾಗಿ ನಮ್ಮ ಮಕ್ಕಳು ಅರ್ಹರಾಗುವುದು ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿದ್ದಾರೆ ಎಂಬ ಆಧಾರದ ಮೇಲೆ. ಎಂಟನೇ ತರಗತಿವರೆಗೆ ಇಲ್ಲೇ ಓದಿದ್ದರೆ ಆ ಏಳು ವರ್ಷ ನಿನ್ನ ಕೈಯಲ್ಲಿದೆ. ಆದರೆ ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಬೇಕು. ಹಳ್ಳಿಯ ಕನ್ನಡ ಶಾಲೆಯ ಹುಡುಗ ಒಂಬತ್ತಕ್ಕೆ ಶಾಲೆ ಬಿಟ್ಟರೆ ಎರಡೂ ಕೈಬಿಡುತ್ತವೆ. ಎಂಜಿನಿಯರಿಂಗ್, ಕೃಷಿ ಪದವಿಯ ಆಸೆ ಇದ್ದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಟಿ.ಸಿ. ಪಡೆಯುವಾಗ ವ್ಯಾಸಂಗ ಪ್ರಮಾಣಪತ್ರವನ್ನೂ ಬರೆಸಿಕೊಂಡು ಬಿಇಒ ಸಹಿ ಮಾಡಿಸಿಡಿ. ವಿದ್ಯಾರ್ಥಿ ಗುರುತಿನ ಸ್ಯಾಟ್ಸ್ ನಂಬರನ್ನು ಒಂದು ಕಡೆ ಬರೆದಿಡಿ. ನಾಲ್ಕು ವರ್ಷದ ನಂತರ ಇವಕ್ಕಾಗಿ ಅಲೆಯುವುದು ತುಂಬಾ ಕಷ್ಟ.

ಶಾಲೆಯ ಜತೆ ಹೋಗುವ ಸಣ್ಣಪುಟ್ಟವೂ ಇವೆ. ಪ್ರತಿಭಾ ಕಾರಂಜಿ, ಶಾಲಾ ಕ್ರೀಡಾಕೂಟ, ಎನ್‌ಸಿಸಿ ಇರುವುದಿಲ್ಲ. ಗಂಡುಮಕ್ಕಳಿಗೆ ಬಸ್ಸಿನ ವಿದ್ಯಾರ್ಥಿ ಪಾಸ್ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಇದೆ.

ಹೆಣ್ಣುಮಕ್ಕಳ ವಿಷಯ ಬಂದಾಗ ನನ್ನ ಮನಸ್ಸು ಸ್ವಲ್ಪ ಹೆದರುತ್ತದೆ. "ಮನೇಲೇ ಇದ್ದಾಳಲ್ಲ" ಎಂಬ ಒಂದು ಮಾತು ಸಾಕು: ರೇಷನ್ ಅಂಗಡಿಯ ಸಾಲಿನಲ್ಲಿ ಅವಳು, ಚಿಕ್ಕಮ್ಮನ ಬಾಣಂತನಕ್ಕೆ ಅವಳು, ನೆಂಟರು ಬಂದರೆ ಒಲೆ ಮುಂದೆ ಅವಳು. ಮನೆಯಲ್ಲಿ ಓದುವ ಮಾತನ್ನು ಮಗಳ ಬದಲು ಅಪ್ಪನೋ ಅಜ್ಜಿಯೋ ಮೊದಲು ಎತ್ತಿದರೆ ನಾನು ನಾಲ್ಕು ಪ್ರಶ್ನೆ ಹೆಚ್ಚಿಗೇ ಕೇಳುತ್ತೇನೆ. ಅದರ ಹಿಂದೆ ಮದುವೆಯ ಯೋಚನೆ ಇದ್ದರೆ ಅದಕ್ಕೆ ಓದು ಎಂಬ ಹೆಸರು ಹಚ್ಚಲು ನಾನು ಬಿಡುವುದಿಲ್ಲ. ಅಂಥ ಒತ್ತಡದಲ್ಲಿರುವ ಹುಡುಗಿ ಇದನ್ನು ಓದುತ್ತಿದ್ದರೆ, ನಿನ್ನ ಟೀಚರಿಗೆ ಹೇಳು, ಇಲ್ಲವೇ 1098ಕ್ಕೆ ಫೋನ್ ಮಾಡು.

ಗೆಳತಿಯರ ಕಾಟದಿಂದಲೋ ಒಬ್ಬ ಮೇಷ್ಟರ ಬೈಗುಳದಿಂದಲೋ ಶಾಲೆ ಬೇಡವಾಗಿದ್ದರೆ, ಅದನ್ನು ಮೊದಲು ಬಾಯಿಬಿಟ್ಟು ಹೇಳಬೇಕು. ಸೆಕ್ಷನ್ ಬದಲಿಸಿದರೆ, ಶಾಲೆ ಬದಲಿಸಿದರೆ ಮುಗಿಯುವ ನೋವೂ ಇರುತ್ತದೆ. ಕಾಯಿಲೆ, ದಿನಕ್ಕೆ ಐದಾರು ಗಂಟೆ ಬೇಡುವ ಸಂಗೀತ ಅಥವಾ ಆಟ, ತನ್ನ ವೇಗದಲ್ಲಿ ಕಲಿಯುವ ತೀವ್ರ ಆಸೆ, ಇವು ಮನೆಯ ಓದಿಗೆ ಗಟ್ಟಿ ಕಾರಣಗಳು.

ಈಗ ನನಗೆ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಮನೆಯಲ್ಲಿ ಓದು ನಡೆಯುವುದು ಹೇಗೆ? ಒಂಬತ್ತರಿಂದ ನಾಲ್ಕರವರೆಗೆ ಮನೆಯಲ್ಲಿ ಶಾಲೆ ಆಡಬೇಕಾಗಿಲ್ಲ. ಮನಸ್ಸಿಟ್ಟು ಮೂರು ನಾಲ್ಕು ಗಂಟೆ ಕೂತರೆ ಪಠ್ಯಕ್ಕೆ ಸಾಕು. ಗಣಿತದ ಒಂದು ಅಧ್ಯಾಯ ತೆಗೆದುಕೊಂಡರೆ, ಮಾಡಿ ತೋರಿಸಿದ ಲೆಕ್ಕದ ಉತ್ತರವನ್ನು ಹಾಳೆಯಿಂದ ಮುಚ್ಚಿ ನೀನೇ ಮಾಡು. ತಡವರಿಸಿದಾಗ ಒಂದು ಸಾಲು ಮಾತ್ರ ಸರಿಸಿ ನೋಡು. ತಪ್ಪಿದ ಲೆಕ್ಕಕ್ಕೆ ಬೇರೆಯೇ ಒಂದು ನೋಟ್‌ಬುಕ್ ಇಡು, ಅಲ್ಲಿ ಎಲ್ಲಿ ತಪ್ಪಿತು ಎಂದು ಒಂದು ವಾಕ್ಯ ಬರೆ. ವಾರಕ್ಕೊಮ್ಮೆ ಆ ನೋಟ್‌ಬುಕ್ಕನ್ನು ಗೊತ್ತಿರುವವರಿಗೆ ತೋರಿಸು. ಅದು ಹತ್ತಿರದ ಕಾಲೇಜು ಓದುವ ಅಕ್ಕನೂ ಆಗಬಹುದು.

ಸಮರೂಪ ತ್ರಿಭುಜಗಳ ಪಾಠವನ್ನೇ ನೋಡು. ತರಗತಿಯಲ್ಲಿ ನನಗೆ ಸಿಗುವುದು 40 ನಿಮಿಷ. ಹಲಗೆಯ ಮೇಲೆ ಚಿತ್ರ ಬರೆದು, ಅನುಪಾತ ಬಿಡಿಸಿ, ಗಂಟೆ ಹೊಡೆದ ಕೂಡಲೇ ಕೈ ಕೊಡವಿಕೊಂಡು ಹೊರಡುತ್ತೇನೆ. ಮನೆಯಲ್ಲಿರುವವಳಿಗೆ ಹಿತ್ತಲ ತೆಂಗಿನ ಮರವಿದೆ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ನೆರಳು 80 ಸೆಂಟಿಮೀಟರ್, ಅದೇ ಹೊತ್ತಿಗೆ ಮರದ ನೆರಳು 12 ಮೀಟರ್ ಇದ್ದರೆ ಮರದ ಎತ್ತರ 15 ಮೀಟರ್. ಮರ ಹತ್ತದೆ ಅಳೆದಾಯಿತು.

ಪುಸ್ತಕಕ್ಕೇನೂ ಬರವಿಲ್ಲ. ರಾಜ್ಯದ ಪಠ್ಯಪುಸ್ತಕಗಳೆಲ್ಲ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಬೆಂಗಳೂರಿನಲ್ಲಿ ಇರುವವರಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ನೆಹರೂ ತಾರಾಲಯ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಇವೆ, ಮಂಗಳೂರಿನವರಿಗೆ ಪಿಲಿಕುಳದ ವಿಜ್ಞಾನ ಕೇಂದ್ರ ಇದೆ. ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಹೋದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದವರು, ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ಬರೆದವರು. ಕನ್ನಡದಲ್ಲಿ ತಾನೇ ಓದಿಕೊಳ್ಳುವ ಮಗುವಿಗೆ ಅವರಿಂದ ತೇಜಸ್ವಿಯವರವರೆಗೆ ಎಷ್ಟೊಂದಿದೆ! ಜತೆಗಾರರನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಶಾಲೆಯಲ್ಲಿ ಪಕ್ಕದಲ್ಲಿ ಯಾರೋ ತಾವಾಗಿಯೇ ಕೂತಿರುತ್ತಾರೆ. ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಆಟದ ಮೈದಾನಕ್ಕೋ, ನಾಟಕದ ಗುಂಪಿಗೋ, ಯಕ್ಷಗಾನದ ತರಗತಿಗೋ ಹೋಗುವ ಏರ್ಪಾಡು ಬೇಕು.

ಅಂದು ಆ ಹುಡುಗಿಗೆ ಉತ್ತರ ಕೊಡುವ ಬದಲು ಒಂದು ಕೆಲಸ ಹೇಳಿದೆ. ದಸರಾ ರಜೆಯನ್ನೇ ಪರೀಕ್ಷೆಗಿಡು. ಇದಕ್ಕೆ ಟಿ.ಸಿ. ಬೇಡ, ಯಾರ ಅನುಮತಿಯೂ ಬೇಡ. ಟ್ಯೂಷನ್ನಿಗೂ ರಜೆ ಹೇಳು. ದಿನಚರಿಯಲ್ಲಿ ದಿನಕ್ಕೊಂದು ಪುಟ: ಏನು ಓದಿದೆ, ಎಷ್ಟು ಹೊತ್ತು, ಎಲ್ಲಿ ಸಿಕ್ಕಿಕೊಂಡೆ. ಮೊದಲ ನಾಲ್ಕೈದು ದಿನ ತಡವಾಗಿ ಏಳುತ್ತೀಯ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಇಷ್ಟು ವರ್ಷದ ದಣಿವು ಅದು. ಆಮೇಲೆ ಏನಾಗುತ್ತದೆ ಎಂಬುದೇ ನೋಡಬೇಕಾದದ್ದು. ಯಾರೂ ಹೇಳದೆ ಪುಸ್ತಕ ತೆಗೆಯುತ್ತೀಯಾ? ಮನೆಯವರು ನಿನ್ನ ಓದಿನ ಹೊತ್ತನ್ನು ನಿನಗೇ ಬಿಡುತ್ತಾರಾ?

ರಜೆ ಮುಗಿಸಿ ಬಂದವಳು ದಿನಚರಿ ತಂದು ಮೇಜಿನ ಮೇಲಿಟ್ಟಳು. ಹದಿನೈದು ಪುಟಗಳಲ್ಲಿ ಹನ್ನೊಂದು ತುಂಬಿದ್ದವು. ಉಳಿದ ನಾಲ್ಕರಲ್ಲಿ 'ಮೊಬೈಲ್' ಎಂದಷ್ಟೇ ಪ್ರಾಮಾಣಿಕವಾಗಿ ಬರೆದಿದ್ದಳು. ಒಂದು ಪುಟದ ತುಂಬಾ ತೆಂಗಿನ ಮರ. ಬೆಳಗ್ಗೆ ಅಳೆದಾಗ 15 ಮೀಟರ್ ಬಂದದ್ದು ಸಂಜೆ ಅಳೆದಾಗ ಹನ್ನೆರಡೂವರೆಯಾಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಅವಳಿಗೆ ಕಂಡಿದೆ: ಸಂಜೆಯ ನೆರಳು ಉದ್ದವಾಗಿ, ಪಕ್ಕದ ಮನೆಯ ಗೋಡೆ ಹತ್ತಿಬಿಟ್ಟಿದೆ. ಗೋಡೆ ಮೇಲೆ ಏರಿದ ನೆರಳನ್ನೂ ಅಳೆದು ಕೂಡಿಸಿದಾಗ ಮತ್ತೆ 15ರ ಹತ್ತಿರ ಬಂದಿದೆ. ಅದನ್ನು ನಾನು ಕಲಿಸಿರಲಿಲ್ಲ.

"ಈಗ ಏನನ್ನಿಸ್ತಿದೆ?" ಎಂದೆ.

"ಬೆಳಗ್ಗೆ ಟ್ಯೂಷನ್ ಬಿಡ್ತೀನಿ ಮಿಸ್. ಸ್ಕೂಲ್ ವಿಷಯ ಏಪ್ರಿಲ್ ರಜೆಯಲ್ಲಿ ಇನ್ನೊಂದ್ಸಲ ನೋಡ್ತೀನಿ."

ಟ್ಯೂಷನ್ ಬಿಡಿಸಲು ಅವಳ ತಂದೆಯನ್ನು ಒಪ್ಪಿಸುವುದಕ್ಕೆ ನನಗೂ ಅವಳಿಗೂ ಒಂದು ವಾರ ಹಿಡಿಯಿತು.