ಸೀಟು ತಂದರಷ್ಟೇ ಸಾಲದು

ಮಗುವಿನ ಕಾರ್ ಸೀಟಿಗೆ ಸಾವಿರಾರು ರೂಪಾಯಿ ಸುರಿದವರೂ ಅದನ್ನು ಹಿಂದಿನ ಸೀಟಿನ ಮೇಲಿಟ್ಟು, ಬೆಲ್ಟನ್ನು ಹೇಗೋ ತೂರಿಸಿ ಸುಮ್ಮನಾಗುವುದುಂಟು. ಸಡಿಲ ಸೀಟು ಡಿಕ್ಕಿಯ ಹೊತ್ತಿಗೆ ಮಗುವಿನ ಸಮೇತ ಮುಂದಕ್ಕೆ ನುಗ್ಗುತ್ತದೆ. ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲುಗಾಡಿಸಿ ನೋಡಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಸರಿದರೆ ಸೀಟನ್ನು ಭಾರ ಹಾಕಿ ಒತ್ತಿ, ಬೆಲ್ಟನ್ನು ಮತ್ತೆ ಎಳೆಯಿರಿ. ಬೆಲ್ಟಿನ ಬದಲು ಐಸೋಫಿಕ್ಸ್ ಕೊಂಡಿಗಳಿದ್ದರೆ ಎರಡೂ ಕ್ಲಿಕ್ ಎನ್ನಬೇಕು. ಮಗುವಿನ ಹೆಗಲ ಮೇಲಿನ ಪಟ್ಟಿಯನ್ನು ಚಿವುಟಿದಾಗ ಬೆರಳಿಗೆ ಮಡಿಕೆ ಸಿಕ್ಕರೆ ಅದೂ ಸಡಿಲವೇ. ಮಡಿಕೇರಿಯ ಚಳಿಗೆ ತೊಡಿಸಿದ ದಪ್ಪ ಜಾಕೆಟ್ ಈ ಸಡಿಲವನ್ನು ಮುಚ್ಚಿಡುತ್ತದೆ, ಅದನ್ನು ತೆಗೆದೇ ಪಟ್ಟಿ ಬಿಗಿಯಿರಿ. ಇನ್ನು, ಹಿಂಮುಖ ಸೀಟನ್ನು ಚಾಲೂ ಇರುವ ಏರ್‌ಬ್ಯಾಗ್ ಎದುರು ಇಡಲೇಬಾರದು.

"ಊರೊಳಗೇ ತಾನೆ, ಅಮ್ಮನ ತೊಡೆ ಸಾಲದೇ?" ಎನ್ನುವವರಿದ್ದಾರೆ. ಲೆಕ್ಕ ನೋಡಿ: ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರ ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಆಗದ ಮಾತು. 50 ಕಿ.ಮೀ. ಎಂದರೆ ಹೆದ್ದಾರಿಯ ವೇಗವೂ ಅಲ್ಲ, ರಿಂಗ್ ರೋಡಿನದು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಇಲ್ಲವೇ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ. ಮಗು ಅಳುತ್ತದೆ ಎನ್ನುವುದು ಮಾತ್ರ ನಿಜವಾದ ತೊಂದರೆಯೇ. ಅತ್ತರೆ ಕಾರನ್ನು ಬದಿಗೆ ನಿಲ್ಲಿಸಿ ಎತ್ತಿಕೊಳ್ಳಿ. ಓಡುವ ಕಾರಿನಲ್ಲಿ ಬಕಲ್ ಬಿಚ್ಚಬೇಡಿ.